ಓದುಗರ ಪ್ರಶ್ನೆ: ಹಾಲಿವುಡ್‌ನಲ್ಲಿ ಸೂಪರ್‌ಹೀರೊ ಚಿತ್ರಗಳು ಅತಿಯಾದವೆ?

ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಈ ಸಲ ಬಂದದ್ದು ಹೀಗೆ: "ಮಲ್ಟಿಪ್ಲೆಕ್ಸಿಗೆ ಹೋದರೆ ಇಂಗ್ಲಿಷ್ ಚಿತ್ರ ಎಂದರೆ ಬಿಗಿಯುಡುಪು ತೊಟ್ಟು ಆಕಾಶದಲ್ಲಿ ಹೊಡೆದಾಡುವವರದ್ದೇ. ಮೊದಲು ಆ ಚಿತ್ರಗಳಲ್ಲಿ ವಕೀಲರಿದ್ದರು, ಪತ್ತೇದಾರರಿದ್ದರು, ಜಗಳವಾಡುವ ಗಂಡ ಹೆಂಡತಿ ಇದ್ದರು. ಅವರೆಲ್ಲ ಎಲ್ಲಿಗೆ ಹೋದರು? ಹಾಲಿವುಡ್‌ನವರು ಸೂಪರ್‌ಹೀರೊಗಳನ್ನು ಅತಿ ಮಾಡಲಿಲ್ಲವೆ?"

ಚಿತ್ರಗಳನ್ನು ಎಣಿಸಿದರೆ ಉತ್ತರ 'ಇಲ್ಲ'. ಆದರೆ ಎಣಿಸಬೇಕಾದದ್ದು ಚಿತ್ರಗಳನ್ನೇ ಎಂದು ನನಗೆ ಅನ್ನಿಸುವುದಿಲ್ಲ.

2019ನ್ನೇ ತೆಗೆದುಕೊಳ್ಳೋಣ. ಈ ಬಗೆಯ ಚಿತ್ರಗಳ ತುತ್ತತುದಿ ಆ ವರ್ಷ. ಗ್ಲಾಸ್, ಕ್ಯಾಪ್ಟನ್ ಮಾರ್ವೆಲ್, ಶಜಾಮ್, ಹೆಲ್‌ಬಾಯ್, ಅವೆಂಜರ್ಸ್: ಎಂಡ್‌ಗೇಮ್, ಡಾರ್ಕ್ ಫೀನಿಕ್ಸ್, ಒಂದು ಸ್ಪೈಡರ್‌ಮ್ಯಾನ್, ಕೊನೆಗೆ ಜೋಕರ್. ಜೋಕರ್ ಹೀರೊ ಅಲ್ಲ, ಖಳ. ಆದರೂ ಅದೇ ಕಾಮಿಕ್ಸ್ ಬಳಗದವನು, ಸೇರಿಸಿಕೊಳ್ಳೋಣ. ಸಣ್ಣಪುಟ್ಟವು ಸೇರಿ ಎಂಟೊಂಬತ್ತು. ಆ ವರ್ಷಗಳಲ್ಲಿ ಅಮೆರಿಕ ಮತ್ತು ಕೆನಡಾದ ಚಿತ್ರಮಂದಿರಗಳಲ್ಲಿ ವರ್ಷಕ್ಕೆ 700ಕ್ಕೂ ಹೆಚ್ಚು ಚಿತ್ರಗಳು ತೆರೆ ಕಾಣುತ್ತಿದ್ದವು. ಅಂದರೆ ನೂರಕ್ಕೆ ಒಂದು. ಇದನ್ನು ಅತಿ ಎನ್ನಲು ಬಾಯಿ ಬರುವುದಿಲ್ಲ.

ಈಗ ಅದೇ ಎಂಟು ಚಿತ್ರಗಳ ಗಲ್ಲಾಪೆಟ್ಟಿಗೆ ನೋಡಿ. ಎಂಡ್‌ಗೇಮ್ ಒಂದೇ ಅಲ್ಲಿ ಸುಮಾರು 86 ಕೋಟಿ ಡಾಲರ್ ಗಳಿಸಿತು. ಕ್ಯಾಪ್ಟನ್ ಮಾರ್ವೆಲ್ 42 ಕೋಟಿಗೂ ಹೆಚ್ಚು, ಸ್ಪೈಡರ್‌ಮ್ಯಾನ್ 39, ಜೋಕರ್ 33. ಸೋತವುಗಳನ್ನೂ ಸೇರಿಸಿ ಕೂಡಿದರೆ ಸುಮಾರು 235 ಕೋಟಿ ಡಾಲರ್. ಆ ವರ್ಷ ಅಮೆರಿಕ ಮತ್ತು ಕೆನಡಾದ ಒಟ್ಟು ಟಿಕೆಟ್ ಮಾರಾಟ 1,100 ಕೋಟಿ ಡಾಲರ್ ದಾಟಿತ್ತಷ್ಟೆ. ನೂರಕ್ಕೆ ಒಂದರಷ್ಟಿದ್ದ ಚಿತ್ರಗಳು ಐದರಲ್ಲಿ ಒಂದು ಪಾಲು ಹಣವನ್ನು ಬಾಚಿಕೊಂಡವು. ಎಂಡ್‌ಗೇಮ್ ಬಿಡುಗಡೆಯಾದದ್ದು 4,600ಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ. ಒಂದೊಂದರಲ್ಲಿ ಎಷ್ಟೋ ಪರದೆಗಳು, ಕೆಲವೆಡೆ ಹಗಲು ರಾತ್ರಿ ಎನ್ನದೆ ಪ್ರದರ್ಶನ. ಉಳಿದ 700 ಚಿತ್ರಗಳು ಅಟ್ಟದ ಮೇಲೆ ಕೂತು ಸರದಿ ಕಾದವು. 'ಎಲ್ಲಿ ನೋಡಿದರೂ ಅವರೇ' ಎಂದು ನಿಮಗೆ ಅನ್ನಿಸಿದ್ದು ಸುಳ್ಳಲ್ಲ. ಅದು ಚಿತ್ರಗಳ ಲೆಕ್ಕವಲ್ಲ, ಪರದೆಗಳ ಲೆಕ್ಕ.

ಅದೇ ವರ್ಷ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿ ಮಾರ್ವೆಲ್ ಎಂಬ ಕಾಮಿಕ್ಸ್ ಕಂಪನಿಯ ಚಿತ್ರಗಳು ಸಿನಿಮಾವೇ ಅಲ್ಲ, ಥೀಮ್ ಪಾರ್ಕ್ ಇದ್ದಂತೆ ಎಂದು ಹೇಳಿ ದೊಡ್ಡ ಗಲಾಟೆಯಾಯಿತು. ಎಲ್ಲರೂ ಆ ಒಂದು ಮಾತನ್ನೇ ಹಿಡಿದು ಎಳೆದಾಡಿದರು. ಆಮೇಲೆ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬರೆದ ಲೇಖನದಲ್ಲಿ ಅವರು ಮುಖ್ಯವಾಗಿ ಹೇಳಿಕೊಂಡ ದುಃಖ ಬೇರೆ: ದೊಡ್ಡ ಪರದೆಯಲ್ಲಿ ಇನ್ನೊಂದು ಬಗೆಯದನ್ನು ನೋಡುತ್ತೇನೆ ಎನ್ನುವವನಿಗೆ ಜಾಗವೇ ಉಳಿದಿಲ್ಲ ಎಂಬುದು. ಅದಕ್ಕೆ ನನ್ನ ಸಹಮತವಿದೆ. ಥೀಮ್ ಪಾರ್ಕಿನ ಮಾತಿಗೆ ಅಷ್ಟಾಗಿ ಇಲ್ಲ. ಜಾತ್ರೆಯಲ್ಲಿ ತೊಟ್ಟಿಲು ಹತ್ತಿದವರನ್ನು ಬೈದು ಏನು ಪ್ರಯೋಜನ?

ಹಾಗಾದರೆ ಮಾಡಿದ್ದನ್ನೇ ಮತ್ತೆ ಮತ್ತೆ ಏಕೆ ಮಾಡುತ್ತಾರೆ? ಗೆದ್ದೆತ್ತಿನ ಬಾಲ ಹಿಡಿಯುವ ಚಾಳಿ ಎಲ್ಲ ಊರಿನ ನಿರ್ಮಾಪಕರಿಗೂ ಇದೆ, ಅದರಲ್ಲಿ ವಿಶೇಷವಿಲ್ಲ. ಇಲ್ಲಿ ಇನ್ನೊಂದು ಕಾರಣವಿದೆ. ಅದು ವಕೀಲರ ಕಡತದಲ್ಲಿ ಕೂತಿರುತ್ತದೆ. ಅದನ್ನು ಒಂದು ಕಥೆಯಿಂದಲೇ ಹೇಳುತ್ತೇನೆ.

ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ 1961ರಲ್ಲಿ 'ಫೆಂಟಾಸ್ಟಿಕ್ ಫೋರ್' ಎಂಬ ನಾಲ್ವರ ಕುಟುಂಬವನ್ನು ಮಾರ್ವೆಲ್ ಕಾಮಿಕ್ಸ್‌ನಲ್ಲಿ ಸೃಷ್ಟಿಸಿದರು. ಎಂಬತ್ತರ ದಶಕದಲ್ಲಿ ಅದರ ಚಿತ್ರದ ಹಕ್ಕನ್ನು ಬರ್ಂಡ್ ಐಖಿಂಗರ್ ಎಂಬ ಜರ್ಮನ್ ನಿರ್ಮಾಪಕ ಅಗ್ಗಕ್ಕೆ ಕೊಂಡ. ಷರತ್ತು ಒಂದೇ: 1992 ಮುಗಿಯುವುದರೊಳಗೆ ಚಿತ್ರೀಕರಣ ಶುರುವಾಗಬೇಕು, ಇಲ್ಲವಾದರೆ ಹಕ್ಕು ಹೋಯಿತು. ದೊಡ್ಡ ಬಂಡವಾಳ ಹೂಡುವವರು ಸಿಗಲಿಲ್ಲ. ಗಡುವು ಹತ್ತಿರ ಬಂತು. ಆಗ ಆತ ಹೋದದ್ದು ಕಡಿಮೆ ಖರ್ಚಿನ ಚಿತ್ರಗಳಿಗೆ ಹೆಸರಾದ ರೋಜರ್ ಕಾರ್ಮನ್ ಬಳಿಗೆ. ಸುಮಾರು ಹತ್ತು ಲಕ್ಷ ಡಾಲರ್‌ನಲ್ಲಿ ಮುಗಿಸಿಕೊಡುವ ಮಾತಾಯಿತು. 1992ರ ಡಿಸೆಂಬರ್ ಕೊನೆಯ ವಾರ, ಗಡುವಿಗೆ ಇನ್ನು ಕೆಲವೇ ದಿನ ಇರುವಾಗ ಕ್ಯಾಮೆರಾ ತಿರುಗಿತು. ಪಾಪ, ನಟರಿಗೆ ಇದಾವುದೂ ಗೊತ್ತಿರಲಿಲ್ಲ. ತಮ್ಮ ಅದೃಷ್ಟ ತೆರೆಯಿತೆಂದುಕೊಂಡು ಸ್ವಂತ ಖರ್ಚಿನಲ್ಲಿ ಪ್ರಚಾರಕ್ಕೆ ಓಡಾಡಿದರು. 1994ರಲ್ಲಿ ಬಿಡುಗಡೆ ಎಂದು ಸುದ್ದಿಯಾದ ಚಿತ್ರ ಬಿಡುಗಡೆಯಾಗಲೇ ಇಲ್ಲ. ಇವತ್ತಿಗೂ ಅದು ಸಿಗುವುದು ಕಳ್ಳ ಪ್ರತಿಗಳಲ್ಲಿ ಮಾತ್ರ.

ಐಖಿಂಗರ್ ಕೈಯಲ್ಲಿ ಮಾತ್ರ ಹಕ್ಕು ಉಳಿಯಿತು. 2005ರಲ್ಲಿ ಫಾಕ್ಸ್ ಕಂಪನಿಯ ಜೊತೆ ಆತ ಅದೇ ಕುಟುಂಬದ ದೊಡ್ಡ ಚಿತ್ರ ತಂದ. 2007ರಲ್ಲಿ ಇನ್ನೊಂದು. 2015ರಲ್ಲಿ ಫಾಕ್ಸ್ ಹೊಸ ನಟರನ್ನು ಹಾಕಿ ಮತ್ತೊಂದು ಮಾಡಿ ಕೈ ಸುಟ್ಟುಕೊಂಡಿತು. 2019ರಲ್ಲಿ ಡಿಸ್ನಿಯು ಫಾಕ್ಸ್‌ನ ಚಿತ್ರ ವ್ಯವಹಾರವನ್ನೇ ಕೊಂಡ ಮೇಲೆ ನಾಲ್ವರೂ ತವರಿಗೆ, ಅಂದರೆ ಮಾರ್ವೆಲ್‌ಗೆ ಮರಳಿದರು. 2025ರಲ್ಲಿ ಐದನೆಯ ಚಿತ್ರ. ನಡುವೆ ಯಾರಿಗಾದರೂ ಆ ಕುಟುಂಬದ ಬಗ್ಗೆ ಹೇಳಲೇಬೇಕಾದ ಕಥೆ ಇತ್ತೆ? ಇದ್ದಿರಬಹುದು. ಆದರೆ ಮೊದಲ ಚಿತ್ರ ಹುಟ್ಟಿದ್ದಂತೂ ಗೇಣಿ ಒಕ್ಕಲು ಕೈತಪ್ಪದಿರಲೆಂದು ಹೊಲಕ್ಕೆ ನೇಗಿಲು ಗೀರಿಬಂದ ಹಾಗೆ.

ಸ್ಪೈಡರ್‌ಮ್ಯಾನ್ ಕಥೆಯೂ ಇಂಥದ್ದೇ. ಅದರ ಚಿತ್ರದ ಹಕ್ಕು ಸೋನಿ ಕಂಪನಿಯದು. ನಿಗದಿತ ಅವಧಿಯೊಳಗೆ ಹೊಸ ಚಿತ್ರ ಬರುತ್ತಿರಬೇಕು. 2002ರಿಂದೀಚೆಗೆ ಮೂವರು ನಾಯಕರು ಆ ಮುಖವಾಡ ತೊಟ್ಟಿದ್ದಾರೆ. ಹಕ್ಕಿನ ಜೊತೆಗೆ ಬಂದ ನೆಂಟರಿಷ್ಟರಿಗೂ ಒಂದೊಂದು ಚಿತ್ರವಾಯಿತು. 2024ರಲ್ಲಿ ಬಂದ ಮೇಡಂ ವೆಬ್ ಮತ್ತು ಕ್ರೇವನ್, ಸ್ಪೈಡರ್‌ಮ್ಯಾನ್ ಇಲ್ಲದ ಸ್ಪೈಡರ್‌ಮ್ಯಾನ್ ಚಿತ್ರಗಳು. ಮದುಮಗನಿಲ್ಲದ ದಿಬ್ಬಣವನ್ನು ನೋಡಲು ಜನ ಬರಲಿಲ್ಲ.

ಇದೆಲ್ಲಕ್ಕೂ ಮೂಲ ಮಾರ್ವೆಲ್‌ನ ಬಡತನ. 1996ರಲ್ಲಿ ದಿವಾಳಿ ಅರ್ಜಿ ಹಾಕಿದ ಕಂಪನಿ ಅದು. ಆ ದಶಕದಲ್ಲಿ ಒಳ್ಳೆಯ ಪಾತ್ರಗಳ ಹಕ್ಕನ್ನೆಲ್ಲ ಬೇರೆಯವರಿಗೆ ಮಾರಿಕೊಂಡಿತ್ತು. 2005ರಲ್ಲಿ, ಉಳಿದ ಹತ್ತು ಪಾತ್ರಗಳ ಚಿತ್ರದ ಹಕ್ಕನ್ನು ಅಡವಿಟ್ಟು ಮೆರಿಲ್ ಲಿಂಚ್ ಎಂಬ ಹಣಕಾಸು ಸಂಸ್ಥೆಯಿಂದ 52.5 ಕೋಟಿ ಡಾಲರ್ ಸಾಲ ಎತ್ತಿತು. ಆ ಹಣದಲ್ಲಿ 2008ರ ಐರನ್ ಮ್ಯಾನ್ ಬಂತು. ಮರುವರ್ಷ ಡಿಸ್ನಿ ಸುಮಾರು 400 ಕೋಟಿ ಡಾಲರ್ ಕೊಟ್ಟು ಇಡೀ ಮಾರ್ವೆಲ್ ಅನ್ನು ಕೊಂಡಿತು. ಆಗ ಅದನ್ನು ದುಬಾರಿ ಎಂದವರೂ ಇದ್ದರು.

ಇನ್ನು ನಿಮ್ಮ ವಕೀಲರು, ಪತ್ತೇದಾರರು ಎಲ್ಲಿಗೆ ಹೋದರು? ಅವರನ್ನು ಓಡಿಸಿದವರು ಸೂಪರ್‌ಹೀರೊಗಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಟ ಮ್ಯಾಟ್ ಡೇಮನ್ 2021ರ ಒಂದು ಸಂದರ್ಶನದಲ್ಲಿ ಇದರ ಲೆಕ್ಕವನ್ನು ಬಿಡಿಸಿ ಹೇಳಿದ್ದರು. ಎರಡೂವರೆ ಕೋಟಿ ಡಾಲರ್‌ನ ಒಂದು ಚಿತ್ರ ಮಾಡುತ್ತೀರಿ ಎನ್ನಿ. ಪ್ರಚಾರ ಮತ್ತು ಪ್ರಿಂಟಿಗೆ ಹೆಚ್ಚುಕಡಿಮೆ ಅಷ್ಟೇ ಬೇಕು, ಐದು ಕೋಟಿಯಾಯಿತು. ಟಿಕೆಟ್ ಹಣದಲ್ಲಿ ಸರಿಸುಮಾರು ಅರ್ಧ ಚಿತ್ರಮಂದಿರದವರಿಗೆ. ಹಾಗಾಗಿ ಹಾಕಿದ ಹಣ ಮರಳಬೇಕಾದರೂ ಹತ್ತು ಕೋಟಿ ಕಲೆಕ್ಷನ್ ಆಗಬೇಕು. ಇಬ್ಬರು ಕೋಣೆಯಲ್ಲಿ ಕೂತು ಮಾತಾಡುವ ಚಿತ್ರಕ್ಕೆ ಹತ್ತು ಕೋಟಿ ಎಲ್ಲಿಂದ ಬರಬೇಕು? ಮೊದಲು ಆರು ತಿಂಗಳ ನಂತರ ಡಿವಿಡಿ ಬರುತ್ತಿತ್ತು, ಅದರಿಂದ ಎರಡನೆಯ ಫಸಲು ಕೈಗೆ ಸಿಗುತ್ತಿತ್ತು. ಡಿವಿಡಿ ಸತ್ತಿತು, ಎರಡನೆಯ ಫಸಲೂ ಹೋಯಿತು. ಒಂದೇ ಮಳೆಗೆ ಕಾದು ಕೂತವನು ಗಟ್ಟಿ ಬೀಜವನ್ನೇ ಬಿತ್ತುತ್ತಾನೆ. ವಕೀಲರೂ ಪತ್ತೇದಾರರೂ ಒಟಿಟಿ ಸರಣಿಗಳಿಗೆ ಮನೆ ಬದಲಿಸಿದರು, ಅಷ್ಟೆ.

ಚೀನಾದ ಪಾತ್ರವೂ ಇದೆ. 2012ರಲ್ಲಿ ಆದ ಒಪ್ಪಂದದಿಂದ ಆ ದೇಶ ಗಳಿಕೆಯಲ್ಲಿ ಪಾಲು ಕೊಟ್ಟು ತರಿಸಿಕೊಳ್ಳುವ ಹೊರಗಿನ ಚಿತ್ರಗಳ ಸಂಖ್ಯೆ ವರ್ಷಕ್ಕೆ 20ರಿಂದ 34ಕ್ಕೆ ಏರಿತು. ಹೆಚ್ಚುವರಿ 14 ಜಾಗ ಥ್ರೀಡಿ, ಐಮ್ಯಾಕ್ಸ್‌ನಂಥವಕ್ಕೇ ಮೀಸಲು. ನ್ಯಾಯಾಲಯದ ವಾದವನ್ನು ಅನುವಾದಿಸುವುದು ಕಷ್ಟ, ಕಟ್ಟಡ ಕುಸಿಯುವುದನ್ನು ಅನುವಾದಿಸಬೇಕಿಲ್ಲ. ಎಂಡ್‌ಗೇಮ್ ಚೀನಾ ಒಂದರಲ್ಲೇ 60 ಕೋಟಿ ಡಾಲರ್ ದಾಟಿತು. ಆಮೇಲೆ 2019ರ ಮಧ್ಯದಿಂದ 2023ರ ಆರಂಭದವರೆಗೆ ಒಂದೇ ಒಂದು ಮಾರ್ವೆಲ್ ಸ್ಟುಡಿಯೊಸ್ ಚಿತ್ರಕ್ಕೂ ಅಲ್ಲಿ ಬಾಗಿಲು ತೆರೆಯಲಿಲ್ಲ. ಆ ಹೊಡೆತ ಸಣ್ಣದಲ್ಲ.

ನಮ್ಮ ಊರುಗಳಲ್ಲೂ ಇದೇ ಜರಡಿ. ಹಾಲಿವುಡ್‌ನ ಚಿತ್ರಗಳಲ್ಲಿ ನಮ್ಮ ಪರದೆಗೆ ಬರುವುದು ಡಬ್ಬಿಂಗಿಗೆ ಒಗ್ಗುವ ಕೆಲವು ಮಾತ್ರ. ಎಂಡ್‌ಗೇಮ್ ಭಾರತದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ಬಂತು. ಮುಂದೆ ಈ ಜಾತಿಯ ಕೆಲವು ಕನ್ನಡಕ್ಕೂ ಡಬ್ ಆದವು. ಹಾಗಾಗಿ ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಕೂತು ನೋಡುವವರಿಗೆ ಹಾಲಿವುಡ್ ಎಂದರೆ ಸೂಪರ್‌ಹೀರೊ ಎಂದು ಕಾಣುವುದು ಲಾಸ್ ಏಂಜಲೀಸ್‌ನವರಿಗೆ ಕಾಣುವುದಕ್ಕಿಂತ ಹೆಚ್ಚು.

ನನ್ನ ಪ್ರಕಾರ ನಿಜವಾಗಿ ಅತಿಯಾದದ್ದು ಗಂಟೆಗಳು. ಮಾರ್ವೆಲ್ ಸ್ಟುಡಿಯೊಸ್ ಮುಖ್ಯಸ್ಥ ಕೆವಿನ್ ಫೈಗಿ ಅವರೇ 2025ರಲ್ಲಿ ಈ ಲೆಕ್ಕ ಕೊಟ್ಟರು. ಎಂಡ್‌ಗೇಮ್‌ವರೆಗಿನ ಹನ್ನೆರಡು ವರ್ಷಗಳಲ್ಲಿ ತಯಾರಿಸಿದ್ದು ಸುಮಾರು 50 ಗಂಟೆಗಳ ಕಥೆ. ಅನಂತರದ ಆರು ವರ್ಷಗಳಲ್ಲಿ 100 ಗಂಟೆಗೂ ಮೇಲೆ. ಡಿಸ್ನಿ ತನ್ನ ಒಟಿಟಿಯನ್ನು 2019ರ ನವೆಂಬರ್‌ನಲ್ಲಿ ಶುರುಮಾಡಿತ್ತು. ಚಂದಾದಾರರು ಬಿಟ್ಟುಹೋಗದಂತೆ ಅದರ ಹೊಟ್ಟೆಗೆ ಸದಾ ಏನಾದರೂ ಹಾಕುತ್ತಿರಬೇಕಿತ್ತು. ಸರಣಿಯ ಮೇಲೆ ಸರಣಿ ಬಂತು. ಗ್ರಾಫಿಕ್ಸ್ ಕೆಲಸಗಾರರು ಹೈರಾಣಾದರು. 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್‌ನ ಆ ವಿಭಾಗದವರು ಒಬ್ಬರೂ ವಿರೋಧಿಸದೆ ಕಾರ್ಮಿಕ ಸಂಘ ಸೇರಲು ಮತ ಹಾಕಿದರು.

ಆ ವರ್ಷದ ನವೆಂಬರ್‌ನಲ್ಲಿ ದಿ ಮಾರ್ವೆಲ್ಸ್ ನೋಡಲು ಅಕ್ಕನ ಮಗನ ಜೊತೆ ಹೋಗಿದ್ದೆ. ಮೂವರು ನಾಯಕಿಯರು. ಒಬ್ಬಳ ಪರಿಚಯ 2019ರ ಚಿತ್ರದಲ್ಲಾಗಿತ್ತು. ಎರಡನೆಯವಳಿಗೆ ಶಕ್ತಿ ಹೇಗೆ ಬಂತು ಎಂಬುದು ವಾಂಡಾವಿಷನ್ ಎಂಬ ಸರಣಿಯಲ್ಲಿದೆ. ಮೂರನೆಯ ಹುಡುಗಿಗೆ ಅವಳದೇ ಬೇರೆ ಸರಣಿ. ನಾನು ಎರಡನ್ನೂ ನೋಡಿರಲಿಲ್ಲ. ಹುಡುಗ ಪಾಪ್‌ಕಾರ್ನ್ ಪಕ್ಕಕ್ಕಿಟ್ಟು ಕಿವಿಯ ಬಳಿ ಪಿಸುಗುಟ್ಟಿದ: "ಮಾವ, ಇವಳ ಅಮ್ಮ ಹಳೆಯ ಚಿತ್ರದಲ್ಲಿ ಪೈಲಟ್ ಆಗಿದ್ದಳಲ್ಲ, ಅವಳು ತೀರಿಹೋಗಿದ್ದಾಳೆ." ಮುಂದಿನ ಸಾಲಿನವರು ತಿರುಗಿ ನೋಡಿದರು. ಅರ್ಧ ಗಂಟೆಯಾದ ಮೇಲೆ ಅವನಿಗೂ ಸಾಕಾಯಿತು. "ಮನೆಗೆ ಹೋದ ಮೇಲೆ ಹೇಳುತ್ತೇನೆ" ಎಂದ. ನಮ್ಮ ಸುತ್ತ ಅರ್ಧಕ್ಕಿಂತ ಹೆಚ್ಚು ಕುರ್ಚಿಗಳು ಖಾಲಿ ಇದ್ದವು. 20 ಕೋಟಿ ಡಾಲರ್‌ಗೂ ಹೆಚ್ಚು ಸುರಿದು ಮಾಡಿದ ಆ ಚಿತ್ರ ಜಗತ್ತಿನಾದ್ಯಂತ ಗಳಿಸಿದ್ದು ಸುಮಾರು 20.6 ಕೋಟಿ, ಅದುವರೆಗಿನ ಮಾರ್ವೆಲ್ ಸ್ಟುಡಿಯೊಸ್ ಚಿತ್ರಗಳಲ್ಲೇ ಅತಿ ಕಡಿಮೆ. ಚಿತ್ರ ತೀರಾ ಕೆಟ್ಟದ್ದೇನಲ್ಲ. ಆದರೆ ಪರೀಕ್ಷೆಗೆ ಓದಿಕೊಂಡು ಹೋಗುವ ಹಾಗೆ ಸಿನಿಮಾಕ್ಕೆ ಯಾರು ಹೋಗುತ್ತಾರೆ? ರಾಮಾಯಣದ ಪ್ರಸಂಗವನ್ನು ನಡುವಿನಿಂದ ಆಡಿದರೂ ನಮಗೆ ತಿಳಿಯುತ್ತದೆ, ಏಕೆಂದರೆ ಅದರ ಪೂರ್ವಕಥೆಯನ್ನು ಅಜ್ಜಿ ಹೇಳಿ ಮುಗಿಸಿರುತ್ತಾಳೆ. ಇಲ್ಲಿ ಅಜ್ಜಿಯ ಕೆಲಸಕ್ಕೂ ತಿಂಗಳ ಚಂದಾ.

ಕಂಪನಿಯವರಿಗೂ ಇದು ತಡವಾಗಿ ಹೊಳೆಯಿತು. ಡಿಸ್ನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್, ಸರಣಿಗಳ ಭರಾಟೆಯಲ್ಲಿ ಗಮನ ಚದುರಿತು ಎಂದು ಒಪ್ಪಿಕೊಂಡರು; 2024ರ ಮೇ ತಿಂಗಳಲ್ಲಿ, ಇನ್ನು ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಚಿತ್ರ, ಸರಣಿಗಳು ಎರಡು ಎಂದರು. 2023ರಲ್ಲಿ ಎಲ್ಲ ಸ್ಟುಡಿಯೊಗಳಿಂದ ಎಂಟು ದೊಡ್ಡ ಸೂಪರ್‌ಹೀರೊ ಚಿತ್ರಗಳು ಬಂದಿದ್ದರೆ, 2025ರಲ್ಲಿ ಬಂದದ್ದು ನಾಲ್ಕು. ಹಾಗೆಂದು ಜನ ಮುಖ ತಿರುಗಿಸಿಬಿಟ್ಟಿದ್ದಾರೆ ಎನ್ನಲೂ ಬರುವುದಿಲ್ಲ. 2024ರಲ್ಲಿ ಮಾರ್ವೆಲ್ ಸ್ಟುಡಿಯೊಸ್‌ನಿಂದ ಬಂದ ಒಂದೇ ಚಿತ್ರ ಡೆಡ್‌ಪೂಲ್ ಮತ್ತು ವುಲ್ವರಿನ್ 130 ಕೋಟಿ ಡಾಲರ್ ದಾಟಿತು. ಅದೇ ವರ್ಷ, ಮೊದಲ ಭಾಗಕ್ಕೆ ನೂರು ಕೋಟಿ ಡಾಲರ್ ಕಂಡಿದ್ದ ಜೋಕರ್ ಎರಡನೆಯ ಭಾಗದಲ್ಲಿ ಇಪ್ಪತ್ತೊಂದು ಕೋಟಿಯನ್ನೂ ಮುಟ್ಟದೆ ಕುಸಿಯಿತು.

ಕೌಬಾಯ್ ಚಿತ್ರಗಳಿಗೆ ಆದ ಗತಿಯೇ ಇವಕ್ಕೂ ಆಗುತ್ತದೆ ಎಂದು ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ 2015ರಲ್ಲೇ ಹೇಳಿದ್ದರು. ಇರಬಹುದು. ಆದರೆ ಕೌಬಾಯ್‌ಗಳು ಇಳಿದದ್ದು ದಶಕಗಳ ಕಾಲ, ನಿಧಾನವಾಗಿ.

ಇಷ್ಟೆಲ್ಲ ಓದಿದ ಮೇಲೂ ಒಂದನ್ನು ನೋಡಬೇಕು, ಆದರೆ ಹೋಂವರ್ಕ್ ಬೇಡ ಎನ್ನುವುದಾದರೆ 2025ರ ಜುಲೈನಲ್ಲಿ ಬಂದ ಎರಡನ್ನು ನೋಡಿ. ನಿರ್ದೇಶಕ ಜೇಮ್ಸ್ ಗನ್ ಅವರ ಸೂಪರ್‌ಮ್ಯಾನ್‌ನಲ್ಲಿ ಮಗುವನ್ನು ರಾಕೆಟ್ಟಿನಲ್ಲಿ ಕಳಿಸುವ ಹಳೆಯ ಪುರಾಣದಿಂದ ಶುರುಮಾಡುವ ಗೋಜಿಲ್ಲ. ಫೆಂಟಾಸ್ಟಿಕ್ ಫೋರ್ ನಡೆಯುವುದು ಬೇರೊಂದು ಲೋಕದ ಅರುವತ್ತರ ದಶಕದಲ್ಲಿ. ಹಿಂದಿನದೇನೂ ಗೊತ್ತಿರಬೇಕಿಲ್ಲ ಎಂದು ಮಾರ್ವೆಲ್‌ನವರೇ ಮುಂಚಿತವಾಗಿ ಸಾರಿದ್ದರು. ಮೊದಲನೆಯದು 61 ಕೋಟಿ ಡಾಲರ್, ಎರಡನೆಯದು 52 ಕೋಟಿ ಗಳಿಸಿದವು. ನೂರು ಕೋಟಿಯ ಕಾಲ ನೋಡಿದವರಿಗೆ ಅದು ಕಡಿಮೆ. ಅಕ್ಕನ ಮಗ ಎರಡನ್ನೂ ನೋಡಿದ. ಈ ಸಲ ಮಾತ್ರ ನನ್ನ ಕಿವಿಯ ಬಳಿ ಏನೂ ಹೇಳಬೇಕಾಗಿ ಬರಲಿಲ್ಲ.