ಗ್ಬೆನಾಗ್ಬೆನಾ: ಕೆತ್ತುವವನ ಹೆಸರು ಹುಟ್ಟುವ ಬಗೆ

ಮೊದಲು ಉಚ್ಚಾರಣೆ ಮುಗಿಸಿಬಿಡೋಣ. ಇಲ್ಲಿ 'ಗ್' ಮತ್ತು 'ಬ್' ಒಂದರ ಹಿಂದೆ ಒಂದು ಬರುವುದಿಲ್ಲ, ಒಟ್ಟಿಗೇ ಬರುತ್ತವೆ. ತುಟಿಯನ್ನೂ ಗಂಟಲನ್ನೂ ಒಂದೇ ಸಲ ಮುಚ್ಚಿ, ಒಂದೇ ಸಲ ಬಿಡಬೇಕು. ಈ ಸದ್ದಿಗೆ ಕನ್ನಡದಲ್ಲಿ ಅಕ್ಷರ ಇಲ್ಲ. 'ಗ್ಬೆ' ಅಂತ ಬರೆದು ಸುಮ್ನಾಗಬೇಕು, ಅಷ್ಟೇ. ನೈಜೀರಿಯಾದ ನೈರುತ್ಯ ಭಾಗದ ಯೊರುಬಾ ಜನರ ಪದ ಇದು. ಅರ್ಥ, ಮರ ಕೆತ್ತುವವನು.

ಪದ ಬಿಡಿಸಿ ನೋಡಿದರೆ ಮಜಾ ಇದೆ. 'ಗ್ಬೆ' ಅಂದರೆ ಕೆತ್ತು. 'ಒನಾ' ಅಂದರೆ ಚಿತ್ತಾರ, ಕುಸುರಿ, ಕಲೆ. ಎರಡೂ ಸೇರಿ 'ಗ್ಬೆನಾ', ಚಿತ್ತಾರ ಕೆತ್ತು. ಅದನ್ನೇ ಎರಡು ಸಲ ಹೇಳಿದರೆ ಆ ಕೆಲಸ ಮಾಡುವ ಮನುಷ್ಯನೇ ಎದುರು ನಿಲ್ಲುತ್ತಾನೆ. ನಾವೂ ಮಾತನ್ನು ಎರಡು ಸಲ ಹೇಳುತ್ತೇವೆ ಅಲ್ವಾ? ಬೇಗಬೇಗ, ಸಣ್ಣಸಣ್ಣ, ಕೆತ್ತಿಕೆತ್ತಿ. ಆದರೆ ನಮ್ಮಲ್ಲಿ ಅದರಿಂದ ಮಾತಿಗೆ ಒತ್ತು ಬರುತ್ತದೆ, ಮನುಷ್ಯ ಬರುವುದಿಲ್ಲ. ಯೊರುಬಾದಲ್ಲಿ 'ಪೆಜ' ಅಂದರೆ ಮೀನು ಹಿಡಿ, 'ಪೆಜಪೆಜ' ಅಂದರೆ ಮೀನುಗಾರ. 'ಕೊಲೆ' ಅಂದರೆ ಮನೆ ಕಟ್ಟು, 'ಕೊಲೆಕೊಲೆ' ಅಂದರೆ ಮನೆ ಕಟ್ಟುವವನು. ಕನ್ನಡದ ಕಣ್ಣಿಗೆ ಇದು ಗಾಬರಿ ಹುಟ್ಟಿಸುತ್ತದೆ, ಗೊತ್ತು. ಅಲ್ಲಿನವರಿಗೂ ಒಂದು ಅಪಾಯ ಇದೆ. ಇದರ 'ಒ'ವನ್ನು ಬಾಯಿ ಅಗಲಿಸಿ ಹೇಳಬೇಕು. ತುಟಿ ಕಿರಿದು ಮಾಡಿದರೆ ಮನೆ ಕಟ್ಟುವವನು ಮನೆಗಳ್ಳ ಆಗಿಬಿಡುತ್ತಾನೆ!

'ಒನಾ'ದಲ್ಲೂ ಇಂಥ ತೊಡಕು ಉಂಟು. ಮೊದಲ ಅಕ್ಷರದ ದನಿ ಇಳಿಸಿದರೆ ಅದು ದಾರಿ, ಮಟ್ಟಸವಾಗಿ ಹೇಳಿದರೆ ಕಲೆ.

ಈಗ ಕೆಲಸಕ್ಕೆ ಬರೋಣ. ಕಿಟಕಿ, ಬಾಗಿಲು ಮಾಡುವ ಸಾದಾ ಬಡಗಿಯನ್ನೂ ಗ್ಬೆನಾಗ್ಬೆನಾ ಅನ್ನುತ್ತಾರೆ, ಅರಮನೆಯ ಕಂಬ ಕೆತ್ತಿದ ದೊಡ್ಡ ಶಿಲ್ಪಿಯನ್ನೂ ಅನ್ನುತ್ತಾರೆ. ಕೆತ್ತನೆಯಲ್ಲಿ ನಾಲ್ಕು ಹಂತ, ನಾಲ್ಕಕ್ಕೂ ಹೆಸರಿದೆ. ಮೊದಲನೆಯದು 'ಲಿಲೆ'. ಬಾಚಿಯಿಂದ ಕಡಿದು ಮರದ ದಿಮ್ಮಿಯಲ್ಲಿ ದೊಡ್ಡ ಆಕಾರಗಳನ್ನು ಗುರುತು ಮಾಡುವುದು, ಇಲ್ಲಿ ತಲೆ, ಇಲ್ಲಿ ಎದೆ, ಇಲ್ಲಿ ಕಾಲು ಅಂತ. ತಲೆಗೆ ಧಾರಾಳ ಜಾಗ ಸಿಗುತ್ತದೆ, ಇಡೀ ಮೈಯ ಮೂರರಲ್ಲೋ ನಾಲ್ಕರಲ್ಲೋ ಒಂದು ಪಾಲು. ಅಳತೆ ತಪ್ಪಿದ್ದಲ್ಲ. ಅವರ ಭಾಷೆಯಲ್ಲಿ 'ಒರಿ' ಅಂದರೆ ತಲೆಯೂ ಹೌದು, ಹಣೆಬರಹವೂ ಹೌದು. ಎರಡನೆಯದು 'ಅಲೆಟುನ್ಲೆ'. 'ಟುನ್' ಅಂದರೆ ಮತ್ತೆ. ಮಾಡಿದ್ದನ್ನೇ ಮತ್ತೆ ಮಾಡು, ಆದರೆ ಚಿಕ್ಕದಾಗಿ. ತಲೆಯೊಳಗೆ ಕಿವಿ, ಮೂಗು, ತುಟಿ ಒಡೆದು ಮೂಡುವುದು ಈಗ. ಮೂರನೆಯದು 'ಡಿಡಾನ್', ನಯ ಮಾಡುವುದು.

ಕೊನೆಯದು 'ಫಿನ್‌ಫಿನ್'. ಚಾಕುವಿನ ಮೊನೆಯಿಂದ ಹೆರಳಿನ ಗೆರೆ, ರೆಪ್ಪೆಯ ಅಂಚು, ಬಟ್ಟೆಯ ಮೇಲಿನ ಚೌಕುಳಿ ಎಲ್ಲವನ್ನೂ ಚೂಪಾಗಿ ಬಿಡಿಸುವ ಹಂತ. ನನ್ನ ಮಟ್ಟಿಗೆ ಒಂದು ಕೆತ್ತನೆ ಒಳ್ಳೆಯದೋ ಅಲ್ಲವೋ ತಿಳಿಯುವುದು ಇಲ್ಲೇ. ಪ್ರವಾಸಿಗರಿಗೆಂದು ಲಗುಬಗೆಯಿಂದ ಮಾಡಿ, ಬೂಟ್ ಪಾಲಿಶ್ ತಿಕ್ಕಿ ಕಪ್ಪು ಮಾಡಿದ ಹಲಗೆಗಳಲ್ಲಿ ಮೊದಲು ಹಾರಿಹೋಗುವುದು ಈ ಗೆರೆಗಳು. ಮುಖ ಇರುತ್ತದೆ, ರೆಪ್ಪೆ ಇರುವುದಿಲ್ಲ.

ಮರದ ಹಲಗೆಯಲ್ಲಿ ಏನೆಲ್ಲ ಸಾಧ್ಯ ಅಂತ ನೋಡಬೇಕಾದರೆ ಇಕೆರೆ ಅರಮನೆಯ ಬಾಗಿಲು ನೋಡಬೇಕು. ಎಕಿಟಿ ಸೀಮೆಯ ಇಕೆರೆಯ ಅರಸನಿಗೆ ಒಗೊಗ ಅಂತ ಬಿರುದು. ಅವನಿಗಾಗಿ ಇಸೆ ಊರಿನ ಒಲೊವೆ ಇದನ್ನು 1910 ಮತ್ತು 1914ರ ನಡುವೆ ಕೆತ್ತಿದ. ಒಂದು ಕಡೆ ಕಿರೀಟ ತೊಟ್ಟ ಅರಸ ಕೂತಿದ್ದಾನೆ. ಇನ್ನೊಂದು ಕಡೆ ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ಆಂಬ್ರೋಸ್ ಬರುತ್ತಿದ್ದಾನೆ, ಆಳುಗಳು ಹೊತ್ತ ಡೋಲಿಯಲ್ಲಿ. ಆಳುವ ಬ್ರಿಟಿಷರು ಇಲ್ಲಿ ನೋಡಲು ಬಂದ ನೆಂಟರು, ಕೂತು ಬರಮಾಡಿಕೊಳ್ಳುವವನು ಊರಿನ ದೊರೆ. ಕೆತ್ತನೆ ಎಷ್ಟು ಉಬ್ಬು ಅಂದರೆ ಆಳುಗಳ ತಲೆ, ಭುಜ ಹಲಗೆ ಬಿಟ್ಟು ಮುಂದಕ್ಕೆ ಬಾಗಿವೆ. ಬೆರಳು ಹಿಂದಕ್ಕೆ ತೂರಿಸಬಹುದು ಅನ್ನಿಸುತ್ತದೆ. ಎಲ್ಲ ಒಂದೇ ಮರ, ಅಂಟಿಸಿದ್ದು ಏನೂ ಇಲ್ಲ.

1924ರಲ್ಲಿ ಲಂಡನ್‌ನ ವೆಂಬ್ಲಿಯಲ್ಲಿ ನಡೆದ ಬ್ರಿಟಿಷ್ ಸಾಮ್ರಾಜ್ಯದ ಪ್ರದರ್ಶನಕ್ಕೆ ಈ ಬಾಗಿಲು ಹೋಯಿತು. ಬ್ರಿಟಿಷ್ ಮ್ಯೂಸಿಯಂಗೆ ಅದರ ಮೇಲೆ ಮನಸ್ಸಾಯಿತು. ಅರಸ ದುಡ್ಡು ಬೇಡ ಅಂದ, ಬದಲಿಗೆ ಬ್ರಿಟನ್ನಿನಲ್ಲಿ ಮಾಡಿದ ಒಂದು ಸಿಂಹಾಸನ ಕೇಳಿ ಪಡೆದ. ಬಾಗಿಲು ಈಗಲೂ ಮ್ಯೂಸಿಯಂನಲ್ಲೇ ಇದೆ. ಈ ವ್ಯಾಪಾರದಲ್ಲಿ ಯಾರು ಗೆದ್ದರು ಅಂತ ಕೇಳಿದರೆ ನಾನಂತೂ ಬಾಗಿಲಿನ ಕಡೆ.

ಆ ಕಾಲದ ಮ್ಯೂಸಿಯಂ ಚೀಟಿಗಳಲ್ಲಿ ಸಾಮಾನ್ಯವಾಗಿ 'ಯೊರುಬಾ ಜನಾಂಗ' ಅಂತ ಇರುತ್ತಿತ್ತು, ಕೆತ್ತಿದವನ ಹೆಸರು ಇರುತ್ತಿರಲಿಲ್ಲ. ಹಾಗಾಗಿ ಆಫ್ರಿಕಾದ ಕಲಾವಿದರು ಹೆಸರು ಬಯಸದವರು ಅನ್ನುವ ಮಾತು ಹುಟ್ಟಿತು. ಸುಳ್ಳು. ಯೊರುಬಾ ಜನರಲ್ಲಿ ಮನುಷ್ಯನನ್ನು ಹೆಸರು ಹಿಡಿದು ಹೊಗಳುವ 'ಒರಿಕಿ' ಅನ್ನುವ ಹಾಡುಗಬ್ಬ ಇದೆ. ಒಲೊವೆ ತೀರಿಕೊಂಡದ್ದು 1938ರಲ್ಲಿ. ಐವತ್ತು ವರ್ಷ ಕಳೆದು, 1988ರಲ್ಲಿ, ಅವನ ಹೆಂಡತಿಯರಲ್ಲಿ ಒಬ್ಬರು ಅವನ ಒರಿಕಿಯನ್ನು ಬಾಯಿಪಾಠವಾಗಿ ಹೇಳಿದರು. ಇರೊಕೊ ಅನ್ನುವ ಗಟ್ಟಿ ಮರವನ್ನು ನನ್ನ ಗಂಡ ಸೋರೆಬುರುಡೆಯ ಹಾಗೆ ಕೊರೆಯುತ್ತಿದ್ದ ಅಂತ ಅದರಲ್ಲಿ ಹೊಗಳಿಕೆ. ಬಾಚಿಗೆ ಬಗ್ಗದ ಮರ ಅದು. ಅದನ್ನು ಕಡಿದವರಿಗೆ ಈ ಹೊಗಳಿಕೆಯ ತೂಕ ಗೊತ್ತಾಗುತ್ತದೆ.

ಈ ಕಸುಬು ಹಳೇ ಕಾಲದಲ್ಲೇ ನಿಂತಿಲ್ಲ. 1947ರಲ್ಲಿ ಓಯೆ-ಎಕಿಟಿಯಲ್ಲಿ ಕ್ಯಾಥೊಲಿಕ್ ಪಾದ್ರಿ ಕೆವಿನ್ ಕ್ಯಾರಲ್ ಮತ್ತು ಜೊತೆಯವರು ಒಂದು ಕಾರ್ಯಾಗಾರ ಶುರುಮಾಡಿದರು. ಹಳೆಯ ಕೆತ್ತನೆಗಾರರಿಗೆ ಚರ್ಚಿನ ಕೆಲಸ ಸಿಕ್ಕಿತು. ಅಲ್ಲಿ ಬಂಡೆಲೆ ಅನ್ನುವ ಗುರುವಿನ ಕೈಕೆಳಗೆ ಪಳಗಿದವರು ಲಾಮಿಡಿ ಫಾಕೆಯೆ. ಇಲಾ ಊರಿನವರು, ಕೆತ್ತನೆಗಾರರ ಮನೆತನದ ಐದನೇ ತಲೆಮಾರು. ತಾವು ಮುಸಲ್ಮಾನರು, ಕೆತ್ತಿದ್ದು ಚರ್ಚಿನ ಬಾಗಿಲನ್ನೂ, ಯೊರುಬಾ ಜನರ ಮೂಲಪುರುಷ ಒಡುಡುವನ ಮರದ ಪ್ರತಿಮೆಯನ್ನೂ. 2006ರಲ್ಲಿ ಯುನೆಸ್ಕೊ ಅವರನ್ನು ಜೀವಂತ ಮಾನವ ನಿಧಿ ಅಂತ ಗೌರವಿಸಿತು. 2009ರಲ್ಲಿ ತೀರಿಕೊಂಡರು.

ಅವರ ಪೂರ್ತಿ ಹೆಸರು ಲಾಮಿಡಿ ಒಲೊನಾಡೆ ಫಾಕೆಯೆ. ನಡುವಿನ ಹೆಸರು ನೋಡಿ, ಅದರಲ್ಲೂ 'ಒನಾ' ಕೂತಿದೆ. ಒಲೊನಾಡೆ ಅಂದರೆ, ಚಿತ್ತಾರದವನು ಬಂದ.