ವಿಡಿಯೊ ಆಮೇಲೆ, ಮೊದಲು ಧ್ವನಿ

ಬ್ಲಾಗ್ ಶುರು ಮಾಡಿದ ಪತ್ರಕರ್ತರು ನನ್ನನ್ನು ಮೊದಲು ಕೇಳುವುದು ವಿಡಿಯೊ ಬಗ್ಗೆ. ಯಾವ ಕ್ಯಾಮೆರಾ ತಗೊಳ್ಳಲಿ, ಯಾವುದರಲ್ಲಿ ಎಡಿಟ್ ಮಾಡಲಿ ಅಂತ. ವಿಡಿಯೊ ಸ್ವಲ್ಪ ದಿನ ಪಕ್ಕಕ್ಕಿರಲಿ, ಧ್ವನಿಯಿಂದ ಶುರು ಮಾಡಿ ಅನ್ನುತ್ತೇನೆ. ಮುಖ ಸಣ್ಣಗಾಗುತ್ತದೆ. ಆದರೆ ಒಬ್ಬರೇ ಓಡಾಡಿ, ಬರೆದು, ಪ್ರಕಟಿಸುವವರಿಗೆ ನೋಡುವಂಥ ವಿಡಿಯೊ ಮಾಡುವುದು ಅಂದರೆ ಅರ್ಧ ದಿನ ಹೋದ ಹಾಗೇ. ಧ್ವನಿ ಹಾಗಲ್ಲ. ಸಂದರ್ಶನವನ್ನು ಹೇಗೂ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿರುತ್ತೀರಿ, ಅಲ್ವಾ? ಮಾತಾಡುವವರು ಉತ್ತರ ಕೊಡದೆ ತಡವರಿಸಿದ ಒಂದು ಜಾಗ ಅದರಲ್ಲಿ ಇದ್ದೇ ಇರುತ್ತದೆ. ಅದನ್ನು ಎಷ್ಟು ಚೆನ್ನಾಗಿ ಬರೆದರೂ ಕೇಳಿಸಿದಷ್ಟು ತಟ್ಟುವುದಿಲ್ಲ. ಅಷ್ಟನ್ನೇ ಕತ್ತರಿಸಿ ಬರಹದ ಜೊತೆ ಹಾಕಿ.

ಕತ್ತರಿಸಲು ಅಡಾಸಿಟಿ ಸಾಕು. 2000ದಿಂದ ಇರುವ, ದುಡ್ಡು ಕೊಡಬೇಕಿಲ್ಲದ ತಂತ್ರಾಂಶ. ನೋಡಲು ಹಳೇ ಕಾಲದ್ದು ಅನ್ನಿಸುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ರೆಕಾರ್ಡ್ ಮಾಡುವಾಗ ಒಂದು ಅಭ್ಯಾಸ ಇಟ್ಟುಕೊಳ್ಳಿ: ಮಾತು ಶುರುವಾಗುವ ಮೊದಲು ಹತ್ತು ಸೆಕೆಂಡು ಎಲ್ಲರೂ ಸುಮ್ನೆ ಇರಬೇಕು. ಫ್ಯಾನಿನ ಗುಂಯ್ ಸದ್ದು ಮಾತ್ರ ದಾಖಲಾಗಲಿ. ಆಮೇಲೆ ಅಡಾಸಿಟಿಯಲ್ಲಿ ಆ ತುಣುಕನ್ನು ಆರಿಸಿ, ಹಿನ್ನೆಲೆ ಸದ್ದು ತಗ್ಗಿಸುವ ‘ನಾಯ್ಸ್ ರಿಡಕ್ಷನ್’ನಲ್ಲಿ ‘ಗೆಟ್ ನಾಯ್ಸ್ ಪ್ರೊಫೈಲ್’ ಒತ್ತಿ. ನಂತರ ಇಡೀ ರೆಕಾರ್ಡಿಂಗ್ ಆರಿಸಿ ಅದೇ ‘ನಾಯ್ಸ್ ರಿಡಕ್ಷನ್’ ಮತ್ತೊಮ್ಮೆ ಹಾಕಿ. ಗುಂಯ್ ಸದ್ದು ತಗ್ಗುತ್ತದೆ. ಜಾಸ್ತಿ ಹಾಕಿದರೆ ದನಿ ನೀರಿನೊಳಗಿಂದ ಬಂದ ಹಾಗಾಗುತ್ತದೆ, ಸ್ವಲ್ಪ ಸದ್ದು ಉಳಿದರೇ ವಾಸಿ.

ಮಾತಿಗೆ ಸ್ಟೀರಿಯೊ ಬೇಡ, ಒಂದೇ ಚಾನೆಲ್‌ನ ಮೋನೊ ಸಾಕು. 64 ಕೆಬಿಪಿಎಸ್ (ಸೆಕೆಂಡಿಗೆ 64 ಕಿಲೋಬಿಟ್) ಎಂಪಿ3 ಮಾಡಿದರೆ ಐದು ನಿಮಿಷದ ಕ್ಲಿಪ್ ಸುಮಾರು 2.4 ಎಂಬಿ ಆಗುತ್ತದೆ, ನಿಧಾನದ ಇಂಟರ್ನೆಟ್‌ನಲ್ಲೂ ಓಡುತ್ತದೆ. ಕತ್ತರಿಸುವಾಗ ಒಂದು ಎಚ್ಚರ. ‘ಆದರೆ’ ಅನ್ನುವ ಮೊದಲೇ ಕತ್ತರಿ ಹಾಕಿದರೆ ಅರ್ಥವೇ ತಿರುಗಿಬಿಡಬಹುದು. ಬರಹದಲ್ಲಿ ಉದ್ಧರಣೆ ಚಿಹ್ನೆಗೆ ಎಷ್ಟು ಜವಾಬ್ದಾರಿಯೋ ಇಲ್ಲೂ ಅಷ್ಟೇ.

ತುಂಬಾ ದಿನ ಎಳೆದ ಸುದ್ದಿಗೆ, ಘಟನೆಗಳನ್ನು ದಿನಾಂಕದ ಪ್ರಕಾರ ಸ್ಲೈಡುಗಳಾಗಿ ಜೋಡಿಸುವ ಟೈಮ್‌ಲೈನ್ ಜೆಎಸ್ ನೋಡಿ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ನೈಟ್ ಲ್ಯಾಬ್ ಮಾಡಿದ್ದು, ಉಚಿತ. ಕೋಡಿಂಗ್ ಗೊತ್ತಿರಬೇಕಿಲ್ಲ. ಅವರು ಕೊಡುವ ಗೂಗಲ್ ಶೀಟ್‌ನಲ್ಲಿ ವರ್ಷ, ತಿಂಗಳು, ದಿನ, ಶೀರ್ಷಿಕೆ, ವಿವರ, ಫೋಟೊ ಅಥವಾ ವಿಡಿಯೊದ ಲಿಂಕ್ ತುಂಬಿದರೆ ಆಯಿತು. ಮೇಲಿನ ಸಾಲಿನ ಕಾಲಂ ಹೆಸರುಗಳನ್ನು ಮಾತ್ರ ಮುಟ್ಟಬೇಡಿ, ಮುಟ್ಟಿದರೆ ಕೈಕೊಡುತ್ತದೆ. ಇಪ್ಪತ್ತು ಸ್ಲೈಡ್ ದಾಟಿಸಬೇಡಿ ಅಂತ ಮಾಡಿದವರೇ ಹೇಳುತ್ತಾರೆ. ನನ್ನ ಕೇಳಿದರೆ ಹನ್ನೆರಡೇ ಜಾಸ್ತಿ. ಪ್ರಕರಣದ ಪ್ರತಿ ವಿಚಾರಣೆಯನ್ನೂ ಪೋಣಿಸಿದರೆ ಓದುಗರು ಮೂರನೇ ಕ್ಲಿಕ್‌ಗೇ ಎದ್ದು ಹೋಗುತ್ತಾರೆ. ಏನಾದರೂ ಬದಲಾದ ದಿನಗಳನ್ನಷ್ಟೇ ಇಡಿ.

ಅದೇ ಲ್ಯಾಬಿನ ಜಕ್ಸ್‌ಟಪೋಸ್ ಜೆಎಸ್ ‘ಮೊದಲು–ಆಮೇಲೆ’ ಚಿತ್ರಗಳಿಗೆ. ಒಂದೇ ಜಾಗದಲ್ಲಿ ನಿಂತು, ಒಂದೇ ಅಳತೆಗೆ ತೆಗೆದ ಎರಡು ಫೋಟೊ ಇದ್ದರೆ ಮಾತ್ರ ಚೆಂದ. ಅಂಕಿಅಂಶದ ಚಾರ್ಟ್‌ಗೆ ಡೇಟಾರ‍್ಯಾಪರ್. ನಕ್ಷೆಯನ್ನು ಜಾಗ ಎಲ್ಲಿದೆ ಅನ್ನುವುದೇ ಸುದ್ದಿಯಾಗಿದ್ದಾಗ ಮಾತ್ರ ಬಳಸಿ. ಸುಮ್ನೆ ಒಂದು ಚುಕ್ಕಿ ಇಟ್ಟ ನಕ್ಷೆ ಯಾರಿಗೂ ಬೇಕಿಲ್ಲ.

ಫೋಟೊ ಹಾಕುವ ಮೊದಲು ಅದರೊಳಗೆ ಅಡಗಿರುವ ಮಾಹಿತಿ ನೋಡಿಕೊಳ್ಳಿ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ತೆಗೆದ ಜಾಗದ ಅಕ್ಷಾಂಶ, ರೇಖಾಂಶ ಫೈಲಿನಲ್ಲೇ ಕೂತಿರಬಹುದು. ಹೆಸರು ಹೇಳಬೇಡಿ ಅಂದವರ ಮನೆಯಲ್ಲಿ ತೆಗೆದ ಫೋಟೊ ಆಗಿದ್ದರೆ? ಅಪ್‌ಲೋಡ್‌ಗೆ ಮೊದಲು ಅದನ್ನು ಅಳಿಸಿಯೇ ಹಾಕಿ. ಬ್ಲಾಗ್ ಸೇವೆ ಕೊಡುವವರು ಅಳಿಸುತ್ತಾರೆ ಅಂತ ನಂಬಿ ಕೂರಬೇಡಿ.

ಇನ್ನು, ಈ ಸಲಕರಣೆಗಳ ಆಯಸ್ಸು. ಟ್ವೀಟ್‌ಗಳನ್ನೆಲ್ಲ ಪೋಣಿಸಿ ಸುದ್ದಿ ಹೇಳಲು ಪತ್ರಕರ್ತರು ಬಳಸುತ್ತಿದ್ದ ಸ್ಟೋರಿಫೈ 2018ರಲ್ಲಿ ಮುಚ್ಚಿತು. ನಕ್ಷೆ ಮಾಡುತ್ತಿದ್ದ ಗೂಗಲ್ ಫ್ಯೂಶನ್ ಟೇಬಲ್ಸ್ 2019ರ ಡಿಸೆಂಬರ್‌ನಲ್ಲಿ ಹೋಯಿತು. 2020ರ ಕೊನೆಗೆ, ಬ್ರೌಸರಿನಲ್ಲಿ ಅನಿಮೇಶನ್ ಓಡಿಸುತ್ತಿದ್ದ ಫ್ಲ್ಯಾಶ್‌ಗೆ ಅಡೋಬಿ ಬೆಂಬಲ ನಿಲ್ಲಿಸಿದಾಗ, ಅದರಲ್ಲಿ ಮಾಡಿದ ಎಷ್ಟೋ ಸ್ಲೈಡ್‌ಶೋಗಳು ಖಾಲಿ ಚೌಕಗಳಾದವು. ಅದಕ್ಕೇ ಮೂಲ ರೆಕಾರ್ಡಿಂಗ್, ಮೂಲ ಫೋಟೊ, ಶೀಟ್‌ನ ಒಂದು ಪ್ರತಿ ನಿಮ್ಮ ಹಾರ್ಡ್‌ಡಿಸ್ಕ್‌ನಲ್ಲೇ ಇರಲಿ. ಪುಟದೊಳಗೆ ಕೂರಿಸಿದ ಪ್ರತಿ ಕ್ಲಿಪ್‌ನ ಕೆಳಗೆ ಎರಡು ಸಾಲು ಬರೆಯಿರಿ: ಯಾರು ಮಾತಾಡಿದ್ದು, ಏನು ಹೇಳಿದ್ದು, ಯಾವ ದಿನ. ನಾಳೆ ಸಲಕರಣೆ ಮುಚ್ಚಿದರೂ ಅಷ್ಟಾದರೂ ಉಳಿಯುತ್ತದೆ. ಕಿವಿ ಕೇಳದವರಿಗೂ, ಬಸ್ಸಿನಲ್ಲಿ ಸದ್ದು ಮುಚ್ಚಿಕೊಂಡು ಓದುವವರಿಗೂ ಆ ಎರಡು ಸಾಲು ಇವತ್ತೇ ಬೇಕು.