ಗೋಡೆಗೆ ಮುಖ ಮಾಡಿದ ಕೃಷ್ಣ

ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ಉಪಶಾಮಕ ಚಿಕಿತ್ಸೆಯ ಆಪ್ತಸಮಾಲೋಚಕಿಯಾಗಿ ಮುಂಬೈ ಬಳಿಯ ಡೊಂಬಿವಲಿಯ ಆ ಕನ್ನಡ ಮನೆಗೆ ಮೊದಲ ಸಲ ಹೋದಾಗ, ಮಂಚದ ಪಕ್ಕದ ಉಡುಪಿ ಕೃಷ್ಣನ ಪಟ ಗೋಡೆಗೆ ಮುಖ ಮಾಡಿತ್ತು. ಎಪ್ಪತ್ತು ದಾಟಿದ, ಕ್ಯಾನ್ಸರ್ ಮೂಳೆಗೆ ಹರಡಿದ್ದ ಅಮ್ಮ ಅದನ್ನು ದಿನವೂ ತಿರುಗಿಸಿಡುವುದು, ಸೊಸೆ ಹೆದರಿ ಮತ್ತೆ ಸರಿಪಡಿಸುವುದು ನಡೆದೇ ಇತ್ತು. ನೋವಿಗೆ ಕೊಟ್ಟ ಮಾರ್ಫಿನ್ ಮಾತ್ರೆಯನ್ನು ಅಮ್ಮ ಮುಟ್ಟುತ್ತಿರಲಿಲ್ಲ. "ಪ್ರಾರಬ್ಧ, ಅನುಭವಿಸಿಯೇ ತೀರಿಸಬೇಕು" ಎನ್ನುವವರೇ ಮರುಗಳಿಗೆಯಲ್ಲಿ "ನಾನೇನು ತಪ್ಪು ಮಾಡಿದ್ದೆ, ಅವನೇ ಹೇಳಲಿ" ಎಂದು ಅಳುತ್ತಿದ್ದರು.

1967ರಲ್ಲಿ ಲಂಡನ್ನಿನಲ್ಲಿ ಸಾವಿನಂಚಿನ ರೋಗಿಗಳ ಆರೈಕೆಗೆಂದು ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ತೆರೆದ ವೈದ್ಯೆ ಸಿಸಿಲಿ ಸಾಂಡರ್ಸ್, ಇಂಥ ಸ್ಥಿತಿಯನ್ನು 'ಸಮಗ್ರ ನೋವು' ಎಂದು ಕರೆದರು. ಮೈ, ಮನಸ್ಸು, ಸಂಬಂಧ, ಶ್ರದ್ಧೆ ಇವುಗಳ ನೋವು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಒಂದನ್ನೇ ಬಿಡಿಸಿ ಉಪಚರಿಸಲಾಗದು. ದೇವರಲ್ಲಿ ನಂಬಿಕೆಯಿದ್ದರೆ ನೆಮ್ಮದಿ ತಾನಾಗಿ ಬರುತ್ತದೆಂಬ ಮಾತೂ ಅರ್ಧ ಸತ್ಯವೇ. ಆಸ್ಪತ್ರೆಗೆ ದಾಖಲಾಗಿದ್ದ, 55 ದಾಟಿದ 596 ರೋಗಿಗಳನ್ನು ಎರಡು ವರ್ಷ ಗಮನಿಸಿ ಮನೋವಿಜ್ಞಾನಿ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇವರು ತನ್ನನ್ನು ಕೈಬಿಟ್ಟನೆಂದೋ ಪ್ರೀತಿಸುವುದಿಲ್ಲವೆಂದೋ ಕೊರಗುತ್ತಿದ್ದವರಲ್ಲಿ ಸಾವಿನ ಅಪಾಯ ಹೆಚ್ಚಾಗಿ ಕಂಡಿತ್ತು. ಆದ್ದರಿಂದ ಆ ಕೊರಗಿಗೆ "ಹಾಗೆಲ್ಲ ಅನ್ನಬಾರದು" ಎಂದು ಬಾಯಿ ಮುಚ್ಚಿಸುವುದು (ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ಮಾಡುವ ಕೆಲಸವಿದು) ರೋಗಿಯನ್ನು ಇನ್ನಷ್ಟು ಒಂಟಿಯಾಗಿಸುತ್ತದೆ.

ಪ್ರಾರಬ್ಧದ ಮಾತನ್ನು ನಾನು ಅಲ್ಲಗಳೆಯಲಿಲ್ಲ. ಅದು ನನ್ನ ಕೆಲಸವಲ್ಲ. ಮಾತ್ರೆ ಕೈಗೆ ಸಿಕ್ಕಿರುವುದೂ ಅದೇ ಲೆಕ್ಕದಲ್ಲಿ ಇರಬಾರದೇಕೆ ಎಂದಷ್ಟೇ ಕೇಳಿದೆ. ಉತ್ತರ ಬರಲಿಲ್ಲ, ಆದರೆ ಸಂಜೆ ಮಾತ್ರೆ ನುಂಗಿದರಂತೆ. ವಾರ ಕಳೆಯುವಷ್ಟರಲ್ಲಿ ದಿಂಬಿಗೊರಗಿ ಕುಳಿತು ಜಪ ಮಾಡುವಷ್ಟು ನೋವು ತಗ್ಗಿತ್ತು. ಜಪದ ನಡುವೆ ಕೃಷ್ಣನಿಗೆ ಬೈಗುಳವೂ ಸೇರುತ್ತಿತ್ತು. ಸೊಸೆಗೆ ಗಾಬರಿಯಾದಾಗ, ದೇವರನ್ನು ಬೈಯುತ್ತಲೇ ಹೊಗಳುವ ಹರಿದಾಸರ ನಿಂದಾಸ್ತುತಿಯನ್ನು ನೆನಪಿಸಿದೆ: ಎದುರಿಗಿದ್ದಾನೆಂದು ನಂಬಿದವರಷ್ಟೇ ಅವನನ್ನು ಹಾಗೆ ತರಾಟೆಗೆ ತೆಗೆದುಕೊಳ್ಳಬಲ್ಲರು.

ಈಗ ನಾಲ್ಕು ಗಂಟೆಗೊಮ್ಮೆಯ ಮಾತ್ರೆಗೆ ಸೊಸೆ ಮೊಬೈಲಿನಲ್ಲಿ ಅಲಾರಂ ಇಟ್ಟಿದ್ದಾರೆ. ಪಟವನ್ನು ತಿರುಗಿಸುವ ಹಕ್ಕು ಅಮ್ಮನದೇ ಎಂದು ಒಪ್ಪಂದವಾಗಿದೆ. ಕಳೆದ ಮಂಗಳವಾರ ನಾನು ಹೋದಾಗ ಕೃಷ್ಣ ಮಂಚದ ಕಡೆ ನೋಡುತ್ತಿದ್ದ. "ರಾಜಿಯಾಯಿತೇ ಅಮ್ಮಾ?" ಎಂದೆ. "ಇಲ್ಲಮ್ಮ, ಬೆನ್ನಿಗೆ ಎಷ್ಟೂಂತ ಬೈಯಲಿ?" ಎಂದರು.